ಆದದ್ದನ್ನೇ ಬರಿ

ಜೆಆರ್‌ಎಫ್ ಬಂತು, ಪಿಎಚ್‌.ಡಿ.ಗೆ ಗೈಡ್ ಹುಡುಕುತ್ತಿದ್ದೇನೆ ಅಂದೆಯಲ್ಲ ಮಗಳೇ, ಬಹಳ ಸಂತೋಷವಾಯಿತು. ಯಾವ ಸಂಸ್ಥೆ ದೊಡ್ಡದು, ಯಾರ ಪೇಪರ್‌ಗಳು ಹೆಚ್ಚು ಎಂದು ಕೇಳಿದೆ. ನಾನಾದರೆ ಮೊದಲು ವಿಚಾರಿಸುವುದು ಬೇರೆಯದನ್ನೇ. 'ಸರ್, ರಿಯಾಕ್ಷನ್ ಆಗಲಿಲ್ಲ' ಅಂತ ಆ ಲ್ಯಾಬಿನಲ್ಲಿ ಹೆದರದೆ ಹೇಳಬಹುದೇ?

ಸಿಂಥೆಸಿಸ್ ಮಾಡುವವರಿಗೆ ಆಗದ ದಿನಗಳೇ ಹೆಚ್ಚು. ರಾತ್ರಿಯಿಡೀ ಬಿಟ್ಟ ಫ್ಲಾಸ್ಕಿನಲ್ಲಿ ಬೆಳಗ್ಗೆ ಕಂದು ಅಂಟು, ಟಿಎಲ್‌ಸಿ ಪ್ಲೇಟಿನ ಮೇಲೆ ಐದಾರು ಚುಕ್ಕೆ. ಅದನ್ನೆಲ್ಲ ಆವತ್ತೇ ನೋಟ್‌ಬುಕ್ಕಿಗೆ ಇಳಿಸು: ಬಣ್ಣ, ಉಷ್ಣತೆ, ದ್ರಾವಕ ಯಾವ ಬಾಟಲಿಯದು, ಎಷ್ಟು ಹೊತ್ತಿಗೆ ಕಪ್ಪಾಯಿತು. ಬಿಡಿ ಹಾಳೆಯಲ್ಲಿ ಗೀಚಿಟ್ಟು ಶನಿವಾರ ಚೆಂದ ಮಾಡಿ ಬರೆಯಲು ಕೂತರೆ, ಆಗಬೇಕಿದ್ದದ್ದೇ ಆಯಿತೇನೋ ಎಂದು ಮನಸ್ಸು ನಂಬಿಬಿಡುತ್ತದೆ.

ಚಾರ್ಲ್ಸ್ ಪೆಡರ್ಸನ್ ಹೆಸರು ಕೇಳಿದ್ದೀಯ. ಡುಪಾಂಟ್ ಕಂಪನಿಯ ಕೆಮಿಸ್ಟ್, ಪಿಎಚ್‌.ಡಿ. ಮಾಡಿದವರಲ್ಲ. 1962ರಲ್ಲಿ ಅವರು ತಯಾರಿಸಲು ಹೊರಟಿದ್ದು ಬೇರೊಂದು ಸಂಯುಕ್ತ. ಆರಂಭದ ವಸ್ತುವಿನಲ್ಲಿ ಒಂದಿಷ್ಟು ಕ್ಯಾಟೆಕಾಲ್ ಕಲ್ಮಶವಾಗಿ ಉಳಿದಿತ್ತು. ಅಂಟಿನ ನಡುವೆ ರೇಷ್ಮೆಯಂಥ ಬಿಳಿ ಹರಳು ಸಿಕ್ಕವು, ಇಳುವರಿ ಬರೀ ಶೇ. 0.4. ಸಿಂಕಿಗೆ ಸುರಿದಿದ್ದರೆ ಕೇಳುವವರಿರಲಿಲ್ಲ. ಅವರು ಎತ್ತಿಟ್ಟು ಪರೀಕ್ಷಿಸಿದರು. ಮೆಥನಾಲಿನಲ್ಲಿ ಸರಿಯಾಗಿ ಕರಗದ ಆ ಹರಳು ಸೋಡಿಯಂ ಲವಣ ಸೇರಿಸಿದಾಗ ಕರಗಿತು. ಉಂಗುರದಂಥ ಅಣು ಸೋಡಿಯಂ ಅಯಾನನ್ನು ನಡುವೆ ಹಿಡಿದಿಟ್ಟುಕೊಂಡಿತ್ತು. ಅವೇ ಕ್ರೌನ್ ಈಥರ್‌ಗಳು. 1987ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. 'ಇಳುವರಿ ಎಷ್ಟು?' ಎಂದಷ್ಟೇ ದಿನಾ ಕೇಳುವ ಗೈಡ್ ಕೈಕೆಳಗೆ ಅಂಥ ಹರಳನ್ನು ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

'ಸರ್, ಚೆಲ್ಲಿತು' ಎನ್ನುವುದಕ್ಕೂ ಅಲ್ಲಿ ಹೆದರಿಕೆ ಇರಬಾರದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಯಾರನ್ ವೆಟರ್‌ಹಾನ್ ವಿಷಲೋಹಗಳಲ್ಲೇ ಪರಿಣತರು. 1996ರ ಆಗಸ್ಟಿನಲ್ಲಿ ಲ್ಯಾಟೆಕ್ಸ್ ಕೈಗವಸಿನ ಮೇಲೆ ಡೈಮಿಥೈಲ್ ಮರ್ಕ್ಯುರಿಯ ಒಂದೆರಡು ಹನಿ ಬಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಅದು ಆ ಕೈಗವಸನ್ನು 15 ಸೆಕೆಂಡಿನೊಳಗೆ ದಾಟುತ್ತದೆ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಯಾವ ರಾಸಾಯನಿಕಕ್ಕೆ ಯಾವ ಕೈಗವಸು ಎಂದು ನೋಡದೆ ಬಾಟಲಿ ತೆರೆಯಬೇಡಮ್ಮ. ಎಷ್ಟೇ ಅವಸರವಿರಲಿ, ಕನ್ನಡಕ ತೆಗೆಯಬೇಡ. ರಾತ್ರಿ ಒಬ್ಬಳೇ ಇದ್ದಾಗ ಬ್ಯೂಟೈಲ್ ಲಿಥಿಯಂ ಮುಟ್ಟಲೇಬೇಡ.

ಇನ್ನು ದುಡ್ಡಿನ ಮಾತು. ಜೆಆರ್‌ಎಫ್ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ತಡವಾಗಿ ಬರುವುದೂ ಉಂಟು, ಒಂದೆರಡು ತಿಂಗಳ ಖರ್ಚಿಗೆ ಕೈಯಲ್ಲಿಟ್ಟುಕೊಂಡಿರು.

ಸಂದರ್ಶನಕ್ಕೆ ಹೋದ ದಿನ ಗೈಡ್ ಜೊತೆ ಮಾತು ಮುಗಿದ ಕೂಡಲೇ ಬಸ್ಸು ಹತ್ತಬೇಡ. ಅವರ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗು. ಈಚೆಗೆ ಮುಗಿಸಿದವರಿಗೆ ಎಷ್ಟು ವರ್ಷ ಹಿಡಿಯಿತು, ಅರ್ಧಕ್ಕೇ ಬಿಟ್ಟವರು ಯಾಕೆ ಬಿಟ್ಟರು, ಮುಗಿಸಿದವರು ಕಾಲೇಜಿನಲ್ಲಿದ್ದಾರೋ ಔಷಧ ಕಂಪನಿಯಲ್ಲೋ ಎಂದು ಕೇಳು. ಆಗದ ರಿಯಾಕ್ಷನ್‌ಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರಾ ಅಂತಲೂ ಕೇಳು. ಉತ್ತರ ಹೇಳುವ ಮುಂಚೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಇನ್ನೊಂದು ಲ್ಯಾಬ್ ಹುಡುಕೋಣ, ನಾನೂ ಜೊತೆಗಿರುತ್ತೇನೆ.