ಮಷಿನ್ ಪಕ್ಕದ ಮಾತಿಗೆ ಕಿವಿಗೊಡಿ

ಪೀಣ್ಯದಲ್ಲಿ ಪ್ರೊಡಕ್ಷನ್ ಎಂಜಿನಿಯರ್ ಆಗಿ ಕೆಲಸ ಶುರು ಮಾಡಿ, ಮುಂದೆ ಪ್ಲಾಂಟ್ ನೋಡಿಕೊಳ್ಳುವ ಹೊಣೆ ಹೊತ್ತವನು ನಾನು. ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೂ ಸಲಹೆಗಾರನಾಗಿ ಹೋಗಿಬರುತ್ತೇನೆ. ಎಣ್ಣೆ ಮೆತ್ತಿದ ನೆಲದ ಶೆಡ್ಡಾದರೂ ಗಾಜಿನ ಕಟ್ಟಡವಾದರೂ ಮೇಲಿನವರ ದೂರು ಒಂದೇ: “ನಮ್ಮವರು ಹೊಸದಾಗಿ ಏನೂ ಯೋಚಿಸೋದೇ ಇಲ್ಲ.” ಯೋಚಿಸುತ್ತಾರೆ. ಬಾಯಿ ಬಿಡುವುದಿಲ್ಲ, ಅಷ್ಟೇ. ಬಾಯಿ ಬಿಟ್ಟವರ ಗತಿ ಏನಾಯಿತು ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲೇ ನೋಡಿರುತ್ತಾರೆ. ಆ ಬಾಯಿ ಬಿಡಿಸಲು ಏನು ಮಾಡಬೇಕು ಎಂದು ಕೆಲಸವೇ ನನಗೆ ಕಲಿಸಿದ ಪಾಠಗಳು ಇವು.

1. ಯೋಚನೆ ಹುಟ್ಟುವ ಜಾಗಕ್ಕೆ ನೀವೇ ಹೋಗಿ

ನಮ್ಮಲ್ಲಿ ಒಂದು ಕಾಸ್ಟಿಂಗ್‌ನ ಬೋರ್ ಆಗಾಗ ಓರೆಯಾಗಿ ರಿಜೆಕ್ಟ್ ಆಗುತ್ತಿತ್ತು. ಕ್ವಾಲಿಟಿಯವರು ಟೂಲ್ ಮೇಲೆ ಹಾಕುತ್ತಿದ್ದರು, ಟೂಲ್‌ರೂಂನವರು ಕಾಸ್ಟಿಂಗ್ ಮೇಲೆ. ಒಂದು ಶಿಫ್ಟ್ ಮಷಿನ್ ಪಕ್ಕದಲ್ಲೇ ನಿಂತು ನೋಡಿದೆ. ಹಾವೇರಿ ಕಡೆಯ ಆಪರೇಟರ್ ಪ್ರತಿ ಸಲವೂ ಫಿಕ್ಸ್ಚರ್‌ನ ಒಂದೇ ಒಂದು ಪ್ಯಾಡನ್ನು ಬಟ್ಟೆಯಿಂದ ಒರೆಸಿ ಕಾಸ್ಟಿಂಗ್ ಇಡುತ್ತಿದ್ದ. ಯಾಕಪ್ಪ ಎಂದೆ. “ಇಲ್ಲಿ ಚಿಪ್ಸ್ ಕುಂದರ್ತಾವ್ರಿ ಸರ್, ಏರ್ ಗನ್ ಹೊಡದ್ರೂ ಹೋಗಂಗಿಲ್ಲ. ಪ್ಯಾಡಿಗೆ ಓರೆಯಾಗಿ ಒಂದ್ ಗ್ರೂವ್ ಹಾಕಿದ್ರ ಕೂಲೆಂಟ್ ಜೋಡಿನ ಹರದು ಹೋಗ್ತಾವು” ಎಂದ. ಪ್ಯಾಡಿನ ಮೇಲೆ ಕೂದಲೆಳೆಯಷ್ಟು ಚೂರು ಉಳಿದರೂ ಕಾಸ್ಟಿಂಗ್ ವಾಲುತ್ತದೆ, ಬೋರ್ ಓರೆಯಾಗುತ್ತದೆ. ಗ್ರೂವ್ ಹಾಕಿದ ಮೇಲೆ ಆ ತಕರಾರು ನಿಂತೇಹೋಯಿತು. ಅವನಿಗೆ ಉತ್ತರ ಮೊದಲೇ ಗೊತ್ತಿತ್ತು, ಕೇಳುವವರು ಇರಲಿಲ್ಲ.

2. ಉತ್ತರ ಕೊಡಲಾಗದಿದ್ದರೆ ಸಲಹೆ ಪೆಟ್ಟಿಗೆ ಇಡಬೇಡಿ

ಬೀಗ ಹಾಕಿದ ಪೆಟ್ಟಿಗೆ ಗೋಡೆಯ ಮೇಲೆ ಧೂಳು ಹಿಡಿಯುತ್ತಿದ್ದರೆ, ಇಲ್ಲಿ ಯಾರೂ ಕೇಳುವುದಿಲ್ಲ ಎಂದು ಬೋರ್ಡ್ ಬರೆದು ಹಾಕಿದಂತೆಯೇ. ಸಲಹೆ ಬಂದ ವಾರದೊಳಗೆ ಉತ್ತರ ಹೋಗಬೇಕು: ಮಾಡುತ್ತೇವೆ, ಈಗ ಆಗದು, ಅಥವಾ ಬೇಡ. ಬೇಡ ಎಂದರೆ ಕಾರಣವನ್ನು ಆ ಮನುಷ್ಯನ ಎದುರಿಗೇ ಹೇಳಿ. ಕಾರಣ ತಿಳಿದವರು ಮುಂದಿನ ಸಲ ಇನ್ನೂ ಗಟ್ಟಿಯಾದ ಸಲಹೆ ತರುತ್ತಾರೆ. ಮೌನ ಮಾತ್ರ ಅವರನ್ನು ಶಾಶ್ವತವಾಗಿ ಸುಮ್ಮನಾಗಿಸುತ್ತದೆ.

3. ಎಲ್ಲರಿಗೂ ಬರುವ ಭಾಷೆಯಲ್ಲಿ ಮೀಟಿಂಗ್ ಮಾಡಿ

ಕಲಬುರಗಿಯವರು, ಒಡಿಶಾದವರು, ಬಿಹಾರದವರು ಒಂದೇ ಲೈನಿನಲ್ಲಿ ನಿಂತಿರುತ್ತಾರೆ. ಅವರ ಮುಂದೆ ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸಿ “ಎನಿ ಐಡಿಯಾಸ್?” ಎಂದರೆ ಯಾರು ಬಾಯಿ ತೆರೆಯುತ್ತಾರೆ? ಕನ್ನಡದಲ್ಲಿ ಕೇಳಿ, ಹಿಂದಿಯವರಿಗೆ ಹಿಂದಿಯಲ್ಲಿ ಹೇಳಿಸಿ, ಕೆಟ್ಟ ಪೀಸನ್ನು ಮೇಜಿನ ಮೇಲಿಟ್ಟು ಕೈಯಲ್ಲಿ ಹಿಡಿಸಿ ಮಾತಾಡಿಸಿ. ಗುತ್ತಿಗೆ ಕಾರ್ಮಿಕರನ್ನೂ ಕೂರಿಸಿಕೊಳ್ಳಿ. ಎಷ್ಟೋ ಕಡೆ ಮಷಿನ್ ಓಡಿಸುವವರು ಅವರೇ. ಮುಖ ನೋಡಿ ಮಣೆ ಹಾಕುವ ಕಡೆ ಹೊಸತು ಹುಟ್ಟುವುದಿಲ್ಲ.

4. ಹೊಸಬರಿಗೆ ನಿಜವಾದ ಕೆಲಸ ಕೊಡಿ, ಎಡವಿದರೆ ಕೈಬಿಡಬೇಡಿ

ಇದಕ್ಕೆ ಪೀಣ್ಯದಲ್ಲೇ ದೊಡ್ಡ ಸಾಕ್ಷಿಯಿದೆ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಮುಂದಾಳು, ತಂಡದ ಬಹುಪಾಲು ಜನ ಉಪಗ್ರಹವನ್ನು ಅದುವರೆಗೆ ಕಟ್ಟಿರದ ಯುವ ಎಂಜಿನಿಯರುಗಳು. ಸುಮಾರು 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಇಸ್ರೋ ಸಂಸ್ಥೆ ಅಲ್ಲಿಗೆ ಕೈ ತೊಳೆದುಕೊಳ್ಳಲಿಲ್ಲ. 1979ರಲ್ಲಿ ಭಾಸ್ಕರ, 1981ರಲ್ಲಿ ಆ್ಯಪಲ್ ಉಪಗ್ರಹ ಹಾರಿದವು; ರಾವ್ 1984ರಲ್ಲಿ ಇಸ್ರೋ ಅಧ್ಯಕ್ಷರಾದರು. ಒಂದು ದೋಷಕ್ಕೆ ತಂಡವನ್ನೇ ಚದುರಿಸಿದ್ದರೆ, ಆ ದೋಷದಿಂದ ಕಲಿತದ್ದೂ ಅವರ ಜೊತೆಗೇ ಹೊರಟುಹೋಗುತ್ತಿತ್ತು.

5. ಹೊಸ ಯೋಚನೆ ಕೇಳುವ ಬದಲು ಬಿಗಿಯಾದ ಪ್ರಶ್ನೆ ಕೊಡಿ

ಜಿಇ ಕಂಪನಿ 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತನ್ನ ತಂತ್ರಜ್ಞಾನ ಕೇಂದ್ರ ತೆರೆಯಿತು. ಅದರ ಬೆಂಗಳೂರಿನ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ಇಸಿಜಿ ಮಷಿನ್‌ನದು: ಹಳ್ಳಿಯ ಡಾಕ್ಟರ್ ಚೀಲದಲ್ಲಿ ಹಾಕಿಕೊಂಡು ಹೋಗುವಂತಿರಬೇಕು, ಕರೆಂಟ್ ಇಲ್ಲದೆಯೂ ನಡೆಯಬೇಕು, ಬೆಲೆ ಕೈಗೆಟುಕಬೇಕು. ಅವರು ಬಟನ್‌ಗಳನ್ನು ನಾಲ್ಕಕ್ಕೆ ಇಳಿಸಿದರು. ಬಸ್ಸಿನ ಟಿಕೆಟ್ ಮಷಿನ್‌ನಲ್ಲಿ ಇರುವಂಥ ಪುಟ್ಟ ಪ್ರಿಂಟರ್ ಜೋಡಿಸಿದರು. ಮ್ಯಾಕ್ 400 ಎಂಬ ಆ ಮಷಿನ್ ಸುಮಾರು 800 ಡಾಲರಿಗೆ ಮಾರುಕಟ್ಟೆಗೆ ಬಂತು. “ಏನಾದರೂ ಹೊಸದು ಮಾಡಿ” ಎಂದಿದ್ದರೆ ಟಿಕೆಟ್ ಮಷಿನ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

6. ಟ್ರಯಲ್‌ಗೆ ಸಮಯ ಮೀಸಲಿಡಿ, ಮಿತಿಯನ್ನೂ ಹೇಳಿ

ತಿಂಗಳ ಕೊನೆಯ ಡಿಸ್ಪ್ಯಾಚ್ ಒತ್ತಡದಲ್ಲಿ ಮೊದಲು ಕತ್ತರಿ ಬೀಳುವುದು ಟ್ರಯಲ್‌ಗೆ. ಹಾಗಾಗಿ ಮಷಿನ್ ಟೈಮನ್ನು ಪ್ಲಾನಿನಲ್ಲೇ ಬರೆದಿಡಿ. ಸಾಫ್ಟ್‌ವೇರಿನವರಾದರೆ ಸ್ಪ್ರಿಂಟಿನಲ್ಲೇ ಜಾಗ ಮಾಡಿ. ಎಷ್ಟು ಪೀಸ್ ಹಾಳಾದರೆ ಪರವಾಗಿಲ್ಲ, ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಹೇಳಿ. ಗಾರ್ಡ್ ತೆಗೆದು, ಸೆನ್ಸರ್ ಬೈಪಾಸ್ ಮಾಡಿ ನಡೆಸುವ ಪ್ರಯೋಗಕ್ಕೆ ಮಾತ್ರ ಎಂದೂ ಒಪ್ಪಬೇಡಿ. ಪ್ರೆಸ್ ಶಾಪಿನಲ್ಲಿ ಬೆರಳು ಕಳೆದುಕೊಂಡವರನ್ನು ಪೀಣ್ಯ ಸಾಕಷ್ಟು ನೋಡಿದೆ.

7. ಹೆಸರೂ ಸಲ್ಲಲಿ, ದುಡ್ಡೂ ಸಲ್ಲಲಿ

ಮಾಡಿದ್ದು ಯಾರೋ, ಪ್ರೆಸೆಂಟೇಷನ್ ಕೊಟ್ಟು ಚಪ್ಪಾಳೆ ತೆಗೆದುಕೊಳ್ಳುವುದು ಇನ್ಯಾರೋ ಎಂದಾದರೆ ಹಿಂದಿನ ಆರು ಪಾಠಗಳೂ ನೀರುಪಾಲು. ಡ್ರಾಯಿಂಗ್ ಬದಲಾದಾಗ ರಿವಿಜನ್ ಟಿಪ್ಪಣಿಯಲ್ಲಿ ಸಲಹೆ ಕೊಟ್ಟವರ ಹೆಸರು ಇರಲಿ. ಗ್ರಾಹಕರು ಬಂದಾಗ ಅವರೇ ನಿಂತು ವಿವರಿಸಲಿ. ಶಾಲು ಹೊದೆಸಿ ಫೋಟೋ ತೆಗೆಸಿ ಮುಗಿಸಬೇಡಿ. ಕಂಪನಿಗೆ ಉಳಿದ ಹಣದಲ್ಲಿ ಒಂದು ಪಾಲು ಅವರ ಸಂಬಳದ ಚೀಟಿಯಲ್ಲಿ ಕಾಣಬೇಕು. ಹಾಗೆ ಪಾಲು ಪಡೆದವರು ಮುಂದಿನ ಸಲ ಕರೆಯದೆಯೇ ಬರುತ್ತಾರೆ, ಪಕ್ಕದ ಮಷಿನ್‌ನವರನ್ನೂ ಜೊತೆಗೆ ಕರೆತರುತ್ತಾರೆ.