ಪಂಪ್‌ಹೌಸ್ ಪೈಪಿಗೆ ಬಣ್ಣದ ಗುರುತು ಹಾಕಿದ್ದೀರಾ?

ನಾನು ಪೂರ್ತಿ ಸಾವಯವಕ್ಕೆ ಬರುವ ಮುಂಚಿನ ಮಾತು. ನಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣದಂಶ ಜಾಸ್ತಿ, ಡ್ರಿಪ್ಪರ್‌ಗಳು ಕಟ್ಟಿಕೊಳ್ತಿದ್ವು. ಆಸಿಡ್ ಬಿಟ್ಟು ಲೈನ್ ತೊಳೀತಿದ್ದ ದಿನ, ಕೆಲಸಕ್ಕೆ ಬಂದಿದ್ದ ಹುಡುಗ ಮುಖ ತೊಳೆಯೋಕೆ ಅಂತ ವೆಂಚುರಿ ಆದಮೇಲಿನ ನಲ್ಲಿ ತಿರುಗಿಸಿಬಿಟ್ಟ. ಒಳ್ಳೆ ನೀರಿನ ನಲ್ಲಿ ಪಕ್ಕದಲ್ಲೇ ಇತ್ತು. ಎರಡೂ ಒಂದೇ ಥರದ ಬೂದು ಪಿವಿಸಿ, ಅವನಿಗೆ ಹೇಗೆ ಗೊತ್ತಾಗಬೇಕು? ಕಣ್ಣಿಗೆ 20 ನಿಮಿಷ ಬಿಡದೆ ನೀರು ಹಾಕಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ದೃಷ್ಟಿ ಉಳೀತು. ತಪ್ಪು ನನ್ನದೇ.

ಕಾರ್ಖಾನೆಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಭಾರತೀಯ ಮಾನಕ ಐಎಸ್ 2379 ಪ್ರಕಾರ ನೀರಿನ ಪೈಪಿಗೆ ಸಮುದ್ರ ಹಸಿರು, ಆಸಿಡ್‌ಗೆ ಗಾಢ ನೇರಳೆ, ಎಣ್ಣೆಗಳಿಗೆ ತಿಳಿ ಕಂದು. ಇದು ಮೂಲ ಬಣ್ಣ. ಅದರ ಮೇಲೆ ಬಳಿಯುವ ಪಟ್ಟಿಗಳಿಂದ ಒಳಗಿರೋದು ಯಾವ ಬಗೆಯ ನೀರು, ಯಾವ ಆಸಿಡ್ ಅಂತ ತಿಳಿಯುತ್ತೆ. ತೋಟಕ್ಕೆ ಅಷ್ಟೆಲ್ಲ ಬೇಡ. ಆದರೆ ಮೂಲ ಬಣ್ಣ ಇದನ್ನೇ ಇಟ್ಟುಕೊಳ್ಳಿ, ಮನೆಗೊಂದು ಬಣ್ಣ ಮಾಡ್ಕೋಬೇಡಿ.

ಇಲ್ಲೊಂದು ಗೊಂದಲ ಆಗುತ್ತೆ. ಕೀಟನಾಶಕ ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷದ ತೀವ್ರತೆಯದ್ದು. ಅಲ್ಲಿ ಹಸಿರು ಇದ್ದರೂ ವಿಷವೇ! ಪೈಪಿನ ಹಸಿರು ಅಂದರೆ ನೀರು, ಅದೂ ಕುಡಿಯುವ ನೀರು ಅಂತೇನಿಲ್ಲ. ಕೆಲಸದವರಿಗೆ ಇದನ್ನ ಬಿಡಿಸಿ ಹೇಳಿ.

ಪೈಪಿಗೆ ಉದ್ದಕ್ಕೂ ಬಣ್ಣ ಬಳಿಯೋದು ದಂಡದ ಖರ್ಚು. ವಾಲ್ವ್‌ಗಳ ಹತ್ತಿರ, ಟೀ ಜಾಯಿಂಟ್‌ಗಳಲ್ಲಿ, ಗೋಡೆ ದಾಟುವ ಕಡೆ ಎರಡೂ ಬದಿ ಅಗಲವಾದ ಪಟ್ಟಿ ಸಾಕು. ಎಚ್‌ಡಿಪಿಇ ಮೇಲೆ ಪೇಂಟ್ ನಿಲ್ಲೋದಿಲ್ಲ, ಟೇಪ್ ಸುತ್ತಿ. ನೇರಳೆ ಟೇಪ್ ನಮ್ಮ ಕಡೆ ಅಂಗಡೀಲಿ ಸಿಗಲಿಲ್ಲ. ಒಡೆದ ಬಕೆಟ್‌ನ ತುಂಡಿಗೆ ನೇರಳೆ ಬಳಿದು ತಂತಿಯಲ್ಲಿ ಕಟ್ಟಿದೆ. ಬಣ್ಣ ಮಾಸಿದಾಗೆಲ್ಲ ಮತ್ತೆ ಬಳೀಬೇಕು, ಅಷ್ಟೇ.

ಬಣ್ಣ ಒಂದನ್ನೇ ನಂಬಬೇಡಿ. ಬಣ್ಣಗಳ ವ್ಯತ್ಯಾಸ ಕಾಣದವರು ಇರ್ತಾರೆ, ರಾತ್ರಿ ಕರೆಂಟ್ ಬಂದಾಗ ಟಾರ್ಚ್ ಬೆಳಕಲ್ಲಿ ನೇರಳೆ ಕಪ್ಪಾಗಿ ಕಾಣುತ್ತೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಆಸಿಡ್’ ಅಂತ ಬರೆದು, ಹರಿಯುವ ದಿಕ್ಕಿಗೆ ಬಾಣ ಹಾಕಿ. ಕನ್ನಡ ಓದಲು ಬಾರದ ಕೆಲಸದವರಿದ್ದರೆ ತಲೆಬುರುಡೆ ಚಿತ್ರವೂ ಇರಲಿ.

ವೆಂಚುರಿ ಆದಮೇಲಿನ ಲೈನಲ್ಲಿ ಯಾವಾಗಲೂ ಆಸಿಡ್ ಇರೋದಿಲ್ಲ. ಬಿಡುವ ದಿನ ಅಲ್ಲಿನ ವಾಲ್ವ್‌ಗಳಿಗೆ ಫಲಕ ತೂಗುಹಾಕಿ, ಲೈನ್ ಪೂರ್ತಿ ತೊಳೆದ ಮೇಲೆ ತೆಗೀರಿ. ಆ ಭಾಗದಲ್ಲಿ ಕೈ ತೊಳೆಯುವ ನಲ್ಲಿ ಇದ್ದರೆ ಇವತ್ತೇ ಕಿತ್ತು ಎಂಡ್ ಕ್ಯಾಪ್ ಹಾಕಿ. ನನ್ನ ಮಟ್ಟಿಗೆ ಗುರುತಿಗಿಂತ ಇದೇ ಮೊದಲ ಕೆಲಸ.

ಪಾಚಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಬಿಡುವವರು ಇನ್ನೂ ಹುಷಾರಾಗಿರಿ. ಅದಕ್ಕೆ ಆಸಿಡ್ ಸೇರಿದರೆ ವಿಷಕಾರಿ ಕ್ಲೋರಿನ್ ಗಾಳಿ ಏಳುತ್ತೆ, ಮುಚ್ಚಿದ ಪಂಪ್‌ಹೌಸ್‌ನಲ್ಲಿ ಪ್ರಾಣಕ್ಕೇ ಅಪಾಯ. ಎರಡಕ್ಕೂ ತೊಟ್ಟಿ, ಪೈಪು, ಅಳತೆ ಮಗ್ಗು ಎಲ್ಲ ಬೇರೆ ಬೇರೆ ಇರಲಿ, ಎಲ್ಲದರ ಮೇಲೂ ಹೆಸರಿರಲಿ.

ಈಗ ನಮ್ಮ ತೊಟ್ಟಿಯಲ್ಲಿರೋದು ಜೀವಾಮೃತ. ಅದನ್ನೂ ಯಾರೂ ಕುಡಿಯಬಾರದಲ್ಲ, ಆ ಪೈಪಿಗೂ ಹೆಸರು ಬರೆದಿದ್ದೀನಿ.