ಹಳೆಯ ಜೀಪಿನ ಮಂದ ದೀಪಕ್ಕೆ ರಿಲೇ

ಶಿವಮೊಗ್ಗದ ಮೇಲೆ ಹಾದು ಸೊಲ್ಲಾಪುರ ಸೇರುತ್ತಿದ್ದ ಹಳೆಯ 13ನೇ ಹೆದ್ದಾರಿಯಲ್ಲಿ ವಿಜಯಪುರ ದಾಟಿ ಝಳಕಿ ಮುಟ್ಟುವಾಗ ರಾತ್ರಿಯಾಯಿತೆನ್ನಿ. ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರು ತೀರ ಹತ್ತಿರ ಹೋದ ಮೇಲೆ ಕಂಡರೆ, ತಪ್ಪು ಬಲ್ಬಿನದಲ್ಲ, ತಂತಿಯದಿರಬಹುದು.

ಅನೇಕ ಹಳೆಯ ಜೀಪುಗಳಲ್ಲಿ ಎರಡು 55 ವಾಟ್ ಬಲ್ಬುಗಳ ಸುಮಾರು 9 ಆಂಪಿಯರ್ ಕರೆಂಟು ಸಣ್ಣ ಸ್ವಿಚ್ಚಿನೊಳಗೇ ಹರಿಯುತ್ತದೆ. ವೋಲ್ಟೇಜು ಶೇ. 10 ಕುಸಿದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತದೆ. ಇದಕ್ಕೆ 100 ವಾಟ್ ಬಲ್ಬು ಹಾಕಿಸಿದರೆ ಹೋಲ್ಡರು ಕರಗೀತು!

ಬ್ಯಾಟರಿಯಿಂದ ಫ್ಯೂಸು, ರಿಲೇ ಮೂಲಕ 2.5 ಚದರ ಮಿಲಿಮೀಟರ್ ತಂತಿಯನ್ನು ಬಲ್ಬಿಗೆ ಎಳೆಸಿರಿ. ಹಳೆಯ ಸ್ವಿಚ್ಚು ರಿಲೇಯನ್ನಷ್ಟೇ ನಡೆಸಲಿ. ಡಿಮ್ಮಿಗೂ ಬ್ರೈಟಿಗೂ ಬೇರೆ ಬೇರೆ ಫ್ಯೂಸು, ರಿಲೇ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಮಲೆನಾಡಿನ ಮಳೆಗೆ ಅರ್ತಿನ ಬೋಲ್ಟು ತುಕ್ಕು ಹಿಡಿದಿರುತ್ತದೆ, ಉಜ್ಜಿಸಿರಿ.

ಬಳಿಕ ದೀಪ ಹಚ್ಚಿ ಬ್ಯಾಟರಿಗೂ ಬಲ್ಬಿಗೂ ಮೀಟರು ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಕೂಡಿಕೆ ಸಡಿಲವಿದೆ.